ಶಾಪದ ಅಧ್ಯಾಯ ಯಾರಿಗೆ ಓದಬೇಕು?

ಬೀದರಿನಿಂದ ಅಷ್ಟೂರಿಗೆ ಹೋದವರು ಆ ಒಡೆದ ಗುಮ್ಮಟ ನೋಡದೆ ವಾಪಸ್ ಬರುವುದಿಲ್ಲ. ಬಹಮನಿ ಸುಲ್ತಾನರ ಗೋರಿಗಳ ನಡುವೆ ಅದು ಅರ್ಧ ಕುಸಿದು, ಗೋಡೆಯ ಒಳಗಿನ ಕಟ್ಟಡವೆಲ್ಲ ಹೊರಗೆ ಕಾಣುವ ಹಾಗೆ ನಿಂತಿದೆ. ಅಲ್ಲಿ ಮಲಗಿರುವವನು ಹುಮಾಯೂನ್ ಷಾ. ಆಳಿದ್ದು 1458ರಿಂದ 1461ರವರೆಗೆ, ಮೂರೇ ವರ್ಷ. ಅಷ್ಟರಲ್ಲೇ ‘ಜಾಲಿಮ್’, ಅಂದರೆ ಕ್ರೂರಿ, ಅಂತ ಹೆಸರು ಪಡೆದ. ಗೋರಿಗೆ ಸಿಡಿಲು ಬಡಿದು ಹೀಗಾಯಿತು ಅನ್ನುತ್ತಾರೆ ಜನ. ಜೊತೆಗೆ ಒಂದು ಮಾತು ಸೇರಿಸುತ್ತಾರೆ: “ಮಾಡಿದ ಪಾಪ ಎಲ್ಲಿ ಹೋಗ್ತದ್ರಿ?”

ಈ ಮಾತಿಗೆ ನನ್ನದೊಂದು ತಕರಾರಿದೆ. ಸಿಡಿಲು ಬಡಿದದ್ದು ಗೋರಿಗೆ. ಅಂದರೆ ಸುಲ್ತಾನ ಸತ್ತ ಮೇಲೆ. ಅವನಿಗೆ ಅದರಿಂದ ಒಂದು ಗೀರೂ ಆಗಲಿಲ್ಲ. ಅವನ ಕೈಯಲ್ಲಿ ನರಳಿದವರಿಗೂ ಏನೂ ಸಿಗಲಿಲ್ಲ. ಅದೂ ಬಿಡಿ. ಬೀದರ್ ಊರೊಳಗೇ ಮಹಮೂದ್ ಗವಾನನ ಮದರಸಾ ಇದೆ. 1472ರಲ್ಲಿ ಕಟ್ಟಿಸಿದ್ದು. ಗವಾನ ಒಳ್ಳೆಯ ಮಂತ್ರಿ, ಓದಿದವನು. ಯಾರೋ ಅವನ ಹೆಸರಲ್ಲಿ ಸುಳ್ಳು ಪತ್ರ ಹುಟ್ಟಿಸಿದರು, ಆಗಿನ ಸುಲ್ತಾನ 1481ರಲ್ಲಿ ತಲೆ ತೆಗೆಸಿದ. 1696ರಲ್ಲಿ ಆ ಮದರಸಾದಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗ, ಒಂದು ಮಿನಾರು ಹಾರಿಹೋದವು. ಅದಕ್ಕೂ ಸಿಡಿಲೇ ಕಾರಣ ಅನ್ನುವವರಿದ್ದಾರೆ. ಆದರೆ ಅದು ಗವಾನನ ಪಾಪದ ಫಲ ಅಂತ ಇವತ್ತಿನವರೆಗೆ ಯಾರೂ ಹೇಳಿದ್ದು ಕೇಳಿಲ್ಲ.

ಅಂದರೆ ನಾವು ಮೊದಲು ಮನುಷ್ಯನ ಬಗ್ಗೆ ತೀರ್ಮಾನ ಮಾಡಿ ಇಟ್ಟುಕೊಂಡಿರುತ್ತೇವೆ. ಸಿಡಿಲಿಗೆ ಅರ್ಥ ಹಚ್ಚುವುದು ಆಮೇಲಿನ ಕೆಲಸ.

ಸತ್ತ ಸುಲ್ತಾನರ ವಿಷಯದಲ್ಲಿ ಇದರಿಂದ ಯಾರಿಗೂ ನೋವಿಲ್ಲ. ಬದುಕಿರುವ ಬಡ ರೈತನ ಹೊಲಕ್ಕೆ ಇದೇ ಲೆಕ್ಕ ಬಂದಾಗ ಕಷ್ಟ. 2022ರ ಹಂಗಾಮಿನಲ್ಲಿ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ತೊಗರಿಗೆ ನೆಟೆ ರೋಗ ಬಿದ್ದಿತ್ತು. ಸರ್ಕಾರ ಪರಿಹಾರ ಘೋಷಿಸುವಷ್ಟು ಹಾನಿ. ನಮ್ಮ ಕಾಕಾನ ಹೊಲವೂ ಹೋಯಿತು. ನಾವು ಮೆಥೋಡಿಸ್ಟ್ ಚರ್ಚಿನವರು. ಬೀದರ್ ಕಡೆ ನಮ್ಮ ಮಂದಿ ಸಾಕಷ್ಟಿದ್ದಾರೆ, ಹಳ್ಳಿಹಳ್ಳಿಗೆ ಮನೆ ಪ್ರಾರ್ಥನೆ ನಡೆಯುತ್ತವೆ. ಕಾಕಾನ ಮನೆಯ ಪ್ರಾರ್ಥನೆಗೆ ಆ ಸಲ ಹೊರಗಿನಿಂದ ಒಬ್ಬ ಪ್ರಸಂಗಿ ಬಂದಿದ್ದರು. ಅವರು ತೆರೆದದ್ದು ಬೈಬಲ್ಲಿನ ಧರ್ಮೋಪದೇಶಕಾಂಡ 28, ಶಾಪದ ಅಧ್ಯಾಯ. ಆಕಾಶ ತಾಮ್ರವಾಗುತ್ತದೆ, ನೆಲ ಕಬ್ಬಿಣವಾಗುತ್ತದೆ, ಬೆಳೆಗೆ ರೋಗ ಬೀಳುತ್ತದೆ, ಬಹಳ ಬಿತ್ತಿ ಸ್ವಲ್ಪ ಕೂಡಿಸುತ್ತೀರಿ. ಓದಿ ಮುಗಿಸಿ, ಈ ಮನೆಯಲ್ಲಿ ಅವಿಧೇಯತೆ ಇದೆ ಅಂದರು. ದೇವರ ಮಾತು ಕೇಳದ ಕಾರಣಕ್ಕೇ ಹೊಲ ಒಣಗಿದೆ ಅಂದರು. ಚಾಪೆಯ ತುದಿಯಲ್ಲಿ ಕೂತಿದ್ದ ಕಾಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಚಹಾ ಕೊಡುವುದಿತ್ತು, ಎದ್ದು ಹೋದಳು.

ಮರುದಿನ ಕಾಕಾ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದ. ಕಾಯಿ ಕಟ್ಟುವ ಹೊತ್ತಿನಲ್ಲಿ ನಿಂತ ನಿಂತಲ್ಲೇ ಗಿಡ ಒಣಗಿದ್ದವು. ಎಲೆ ಉದುರದೆ ಹಾಗೇ ಜೋತಿದ್ದವು. ಒಂದು ಗಿಡ ಕಿತ್ತು ಕುಡಗೋಲಿನಿಂದ ಕಾಂಡ ಸೀಳಿ ತೋರಿಸಿದ. ಹೊರಗೆ ಬುಡದಿಂದ ಮೇಲಕ್ಕೆ ನೇರಳೆ ಕಂದು ಬಣ್ಣದ ಪಟ್ಟಿ. ಒಳಗೆ ಬೆಳ್ಳಗಿರಬೇಕಾದ ಕಟ್ಟಿಗೆಯಲ್ಲಿ ಕಪ್ಪು ಗೆರೆಗಳು. ಬೇರಿನಿಂದ ನೀರು ಏರುವ ದಾರಿಯಲ್ಲೇ ರೋಗ ಕೂತಿತ್ತು.

“ತಮ್ಮಾ, ನಾ ಒಬ್ಬನೇ ಪಾಪ ಮಾಡೀನೇನು? ಬಾಜೂ ಹೊಲದವ ದಿನಾ ಕುಡದು ಬಂದು ಹೆಂಡ್ತಿಗಿ ಹೊಡೀತಾನ. ಅವನ ತೊಗರಿ ನೋಡು, ಹ್ಯಾಂಗ ಗೊಂಚಲ ಗೊಂಚಲ ಕಾಯಿ ಹಿಡದದ.”

ನೆಟೆ ರೋಗ ತರುವುದು ಫ್ಯುಸೇರಿಯಂ ಅನ್ನುವ ಶಿಲೀಂಧ್ರ. ಮಣ್ಣಿನಲ್ಲಿ, ಹಳೆಯ ಬೇರು ಕೂಳೆಗಳಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಒಂದೇ ಹೊಲದಲ್ಲಿ ವರ್ಷ ವರ್ಷವೂ ತೊಗರಿ ಹಾಕಿದರೆ ಜಾಸ್ತಿಯಾಗುತ್ತದೆ. ನಡುವೆ ಜೋಳ ಹಾಕಿದರೆ ಕಡಿಮೆಯಾಗುತ್ತದೆ. ಇದನ್ನು ತಡೆದುಕೊಳ್ಳುವ ‘ಮಾರುತಿ’ ತಳಿ 1986ರಲ್ಲೇ ಬಂದಿದೆ, ಆಮೇಲೆ ಇನ್ನೂ ಹೊಸವು ಬಂದಿವೆ. ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿ ಬಿತ್ತಿ ಅಂತ ಕೃಷಿ ಇಲಾಖೆಯವರು ಹೇಳುತ್ತಲೇ ಇರುತ್ತಾರೆ. ಬಾಜೂ ಹೊಲದ ಕುಡುಕ ಹಿಂದಿನ ವರ್ಷ ಜೋಳ ಹಾಕಿದ್ದ. ಅಷ್ಟೇ ವಿಷಯ. ಶಿಲೀಂಧ್ರಕ್ಕೆ ಯಾರು ಚರ್ಚಿಗೆ ಹೋಗುತ್ತಾರೆ ಅನ್ನುವ ಪಟ್ಟಿ ಬೇಕಿಲ್ಲ.

ಇಷ್ಟು ಹೇಳಿ ಕೈತೊಳೆದುಕೊಳ್ಳಬಹುದು. ಬಹಳ ಜನ ವಿದ್ಯಾವಂತರು ಅದನ್ನೇ ಮಾಡುತ್ತಾರೆ. ಹಳೆಯ ಕಾಲದ ಮಾತು, ಭಯ ಹುಟ್ಟಿಸಲು ಬರೆದದ್ದು, ಬಿಟ್ಟುಬಿಡಿ ಅನ್ನುತ್ತಾರೆ. ನನಗೆ ಹಾಗೆ ಬಿಡಲು ಆಗುವುದಿಲ್ಲ. ಆ ಪುಸ್ತಕ ನಮ್ಮ ಮನೆಯಲ್ಲಿ ದಿನಾ ಓದುವ ಪುಸ್ತಕ. ಅದರಲ್ಲಿ ಸಿಹಿ ಇರುವ ಪುಟ ಮಾತ್ರ ನಮ್ಮದು, ಕಹಿ ಪುಟ ನಮ್ಮದಲ್ಲ ಅಂದರೆ ಆಟವಾಗುತ್ತದೆ. ಹಾಗಾಗಿ ಕೂತು ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಅದರ ಹಿಂದಿನವನ್ನೂ ಮುಂದಿನವನ್ನೂ ಓದಿದೆ.

ಅಧ್ಯಾಯದಲ್ಲಿ 68 ವಚನಗಳಿವೆ. ಮೊದಲ 14 ಆಶೀರ್ವಾದ. ಉಳಿದ 54 ಶಾಪ. ಲೆಕ್ಕ ನೋಡಿದರೇ ಗಾಬರಿಯಾಗುತ್ತದೆ. ಊರಲ್ಲೂ ಶಾಪ, ಹೊಲದಲ್ಲೂ ಶಾಪ, ಬುಟ್ಟಿಗೂ ಹಿಟ್ಟು ನಾದುವ ಕೊಣಗೆಗೂ ಶಾಪ. ಜ್ವರ, ಬರ, ಮಿಡತೆ, ಹುಚ್ಚು, ಶತ್ರುಗಳ ಮುತ್ತಿಗೆ. ಕೊನೆಗೆ ಹಸಿವಿನಿಂದ ಹೆತ್ತವರು ಮಕ್ಕಳನ್ನೇ ತಿನ್ನುವ ಮಾತು. ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಡಬೇಕು ಅನಿಸುತ್ತದೆ.

ಈ ಥರದ ಬರಹ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ನಮ್ಮ ಸೀಮೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ಎಷ್ಟೋ ಸಿಗುತ್ತವೆ. ಗುಡಿಗೆ, ಕೆರೆಗೆ, ಓದಿಸುವ ಮಠಕ್ಕೆ ಇಷ್ಟು ಮತ್ತರು ಭೂಮಿ ಬಿಟ್ಟೆವು ಅಂತ ಬರೆದಿರುತ್ತದೆ. ಕೊನೆಗೆ ಬರುವುದೇ ಆಶೀರ್ವಾದ ಮತ್ತು ಶಾಪ. ಈ ಧರ್ಮವನ್ನು ಕಾಪಾಡಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು, ಅಂದರೆ ಹಸುಗಳನ್ನು, ದಾನ ಕೊಟ್ಟ ಪುಣ್ಯ. ಹಾಳುಮಾಡಿದವನಿಗೆ ಅದೇ ವಾರಣಾಸಿಯಲ್ಲಿ ಅಷ್ಟು ಕವಿಲೆಗಳನ್ನು ಕೊಂದ ಪಾಪ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಭೂಮಿಯನ್ನು ಕಸಿದುಕೊಂಡವನು ಅರುವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅನ್ನುವ ಸಂಸ್ಕೃತ ಶ್ಲೋಕವಂತೂ ಶಾಸನ ಓದುವವರಿಗೆ ಬಾಯಿಪಾಠ. ಅರುವತ್ತು ಸಾವಿರ ವರ್ಷ! ಬರೆಸಿದವನಿಗೆ ಎಷ್ಟು ಅನುಮಾನ ಇದ್ದಿರಬೇಕು ನೋಡಿ, ತನ್ನ ಮೊಮ್ಮಕ್ಕಳ ಮೇಲೇ.

ಆ ಶ್ಲೋಕ ಓದಿ ಯಾರೂ, ಹೊಲಸಿನಲ್ಲಿ ಕಂಡ ಹುಳುವನ್ನು ತೋರಿಸಿ “ಇವನು ಹಿಂದಿನ ಜನ್ಮದಲ್ಲಿ ಕೆರೆ ಭೂಮಿ ನುಂಗಿದವನು” ಅನ್ನುವುದಿಲ್ಲ. ಶಾಪ ಇರುವುದು ಆ ಭೂಮಿಗೆ ಬೇಲಿಯಾಗಿ. ರಾಜ ಸಾಯುತ್ತಾನೆ, ಮುಂದಿನ ಅಧಿಕಾರಿ ಬರುತ್ತಾನೆ, ಅವನ ಕೈ ತಡೆಯುವವರು ಯಾರೂ ಇರುವುದಿಲ್ಲ. ಆಗ ಕಲ್ಲಿನ ಮೇಲಿನ ಮಾತೊಂದೇ ಕಾವಲು.

ಧರ್ಮೋಪದೇಶಕಾಂಡವೂ ಒಂದು ಒಪ್ಪಂದದ ಪತ್ರವೇ. 1955ರಲ್ಲಿ ಇರಾಕಿನ ನಿಮ್ರೂದಿನಲ್ಲಿ ಅಗೆದಾಗ ಅಶ್ಶೂರದ ರಾಜ ಎಸರ್‌ಹದ್ದೋನನ ಮಣ್ಣಿನ ಹಲಗೆಗಳು ಸಿಕ್ಕವು. ಕ್ರಿಸ್ತಪೂರ್ವ 672ರವು. ತಾನು ಸತ್ತ ಮೇಲೆ ತನ್ನ ಮಗ ಅಶ್ಶೂರ್‌ಬನಿಪಾಲನಿಗೇ ನಿಷ್ಠರಾಗಿರಬೇಕು ಅಂತ ಸಾಮಂತರಿಂದ ಆಣೆ ಮಾಡಿಸಿಕೊಂಡದ್ದು. ಅದರ ಕೊನೆಗೂ ಉದ್ದಕ್ಕೆ ಶಾಪಗಳಿವೆ. ಕಬ್ಬಿಣದಂಥ ನೆಲ, ಮಳೆ ಸುರಿಸದ ತಾಮ್ರದಂಥ ಆಕಾಶ, ಎರಡೂ ಅಲ್ಲಿವೆ. ಮಕ್ಕಳ ಮಾಂಸ ತಿನ್ನುವ ಮಾತೂ ಇದೆ. ಅಂದರೆ ಆ ಕಾಲದಲ್ಲಿ ಕರಾರು ಪತ್ರ ಬರೆಯುವ ರೀತಿಯೇ ಅದು. ಈಗಿನ ಪತ್ರಗಳಲ್ಲಿ ದಂಡ, ಬಡ್ಡಿ, ಕೋರ್ಟು ಅಂತ ಬರುವ ಜಾಗದಲ್ಲಿ ಆಗ ದೇವರು, ಬರ, ಮುತ್ತಿಗೆ ಬರುತ್ತಿದ್ದವು.

ಆದರೆ ಎಸರ್‌ಹದ್ದೋನನ ಶಾಪ ಕಾಯುವುದು ಒಂದು ಸಿಂಹಾಸನವನ್ನು. ಧರ್ಮೋಪದೇಶಕಾಂಡದ ಶಾಪ ಏನನ್ನು ಕಾಯುತ್ತದೆ? ಮೊದಲನೆಯದು, ಬೇರೆ ದೇವರ ಹಿಂದೆ ಹೋಗಬಾರದು ಅನ್ನುವ ಕರಾರು. ಅದನ್ನು ಮುಚ್ಚಿಡುವುದು ಸರಿಯಲ್ಲ, ಪುಸ್ತಕದ ತುಂಬ ಅದಿದೆ. ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿ ಇದೆ. ಹಿಂದಿನ ಅಧ್ಯಾಯ 27ರಲ್ಲಿ, ಗೆರಿಜೀಮ್ ಮತ್ತು ಏಬಾಲ್ ಅನ್ನುವ ಎದುರುಬದುರು ಬೆಟ್ಟಗಳ ಮೇಲೆ ಜನ ನಿಲ್ಲಬೇಕು. ಪೂಜೆಯ ಕೆಲಸದ ಲೇವಿ ಕುಲದವರು ಕೂಗಿ ಹೇಳುವ ಹನ್ನೆರಡು ಶಾಪಗಳಿಗೆ ಎಲ್ಲರೂ ಆಮೆನ್ ಅನ್ನಬೇಕು. ನೆರೆಯವನ ಗಡಿಕಲ್ಲು ಸರಿಸಿದವನಿಗೆ ಶಾಪ. ಕುರುಡನಿಗೆ ದಾರಿ ತಪ್ಪಿಸಿದವನಿಗೆ ಶಾಪ. ಪರದೇಶಿ, ತಬ್ಬಲಿ, ವಿಧವೆ ಇವರಿಗೆ ನ್ಯಾಯ ತಪ್ಪಿಸಿದವನಿಗೆ ಶಾಪ. ಗುಟ್ಟಾಗಿ ಹೊಡೆದವನಿಗೆ, ಲಂಚ ತಿಂದು ನಿರಪರಾಧಿಯನ್ನು ಕೊಲ್ಲುವವನಿಗೆ ಶಾಪ.

ನಮ್ಮ ಹಳ್ಳಿಗಳಲ್ಲಿ ಬಾಂದುಕಲ್ಲಿನ ಜಗಳ ಗೊತ್ತಿಲ್ಲದವರು ಯಾರು? ರಾತ್ರಿ ಹೊತ್ತು ಒಂದು ಗೇಣು, ಮುಂದಿನ ವರ್ಷ ಇನ್ನೊಂದು ಗೇಣು. ನೇಗಿಲು ತಾನಾಗಿ ಹೋಯಿತು ಅನ್ನುತ್ತಾರೆ. ಸರ್ವೆಯವರು ಬರುವ ಹೊತ್ತಿಗೆ ಕಲ್ಲು ಹೊಸ ಜಾಗದಲ್ಲಿ ಹುಲ್ಲು ಬೆಳೆಸಿಕೊಂಡು, ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿರುತ್ತದೆ. ಕುರುಡನಿಗೆ ದಾರಿ ತಪ್ಪಿಸಿದವನನ್ನು ಯಾವ ಸಾಕ್ಷಿ ಹಿಡಿಯುತ್ತಾನೆ? ಕುರುಡನೇ ಗುರುತಿಸಲಾರ. ಆ ಹನ್ನೆರಡರಲ್ಲಿ ಬಹಳಷ್ಟು, ಯಾರೂ ನೋಡದ ಹೊತ್ತಿನಲ್ಲಿ ಮಾಡುವ ಕೆಲಸಗಳು. ಕೋರ್ಟಿನ ಕೈ ಮುಟ್ಟದ ಜಾಗಗಳು. ಶಾಪವನ್ನು ನಿಲ್ಲಿಸಿರುವುದು ಸರಿಯಾಗಿ ಅಲ್ಲೇ. ಬಡವನ ಪರವಾಗಿ ಬೇರೆ ಯಾರೂ ಇಲ್ಲದ ಕಡೆ.

ಇನ್ನೂ ಸ್ವಲ್ಪ ಹಿಂದಕ್ಕೆ, ಅಧ್ಯಾಯ 24ಕ್ಕೆ ಹೋದರೆ ಕೂಲಿಯ ಮಾತು ಬರುತ್ತದೆ. ಬಡ ಕೂಲಿಯವನ ಸಂಬಳ ಅವತ್ತೇ, ಹೊತ್ತು ಮುಳುಗುವ ಮೊದಲು ಕೊಡಬೇಕು. ಅವನ ಜೀವವೇ ಅದರ ಮೇಲೆ ನಿಂತಿದೆ. ಕೊಡದಿದ್ದರೆ ಅವನು ದೇವರಿಗೆ ಮೊರೆಯಿಡುತ್ತಾನೆ, ಆ ಪಾಪ ನಿನ್ನ ತಲೆ ಮೇಲೆ. ಹೊಲ ಕೊಯ್ಯುವಾಗ ಮರೆತ ಸಿವುಡಿಗೆ ವಾಪಸ್ ಹೋಗಬೇಡ, ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ. ಯಾಕೆ? ನೀನು ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಗುಲಾಮನಾಗಿದ್ದೆ, ನೆನಪಿಟ್ಟುಕೋ.

ನಮ್ಮ ಆಯಿಗೆ ಓದು ಬರುತ್ತಿರಲಿಲ್ಲ. ನಿಜಾಮರ ಕಾಲದಲ್ಲಿ ಬಿಟ್ಟಿ ಚಾಕರಿ ಮಾಡಿ ಬೆಳೆದವಳು. ಕರೆದಾಗ ಹೋಗಬೇಕು, ಕೂಲಿ ಕೇಳುವ ಹಾಗಿಲ್ಲ. ಬೈಬಲ್ ಓದಿ ಹೇಳುವಾಗ ಐಗುಪ್ತ ಅಂತ ಬಂದರೆ ಸಾಕು, “ಹೂಂ, ಅದು ನಮ್ಮ ಊರೇ” ಅನ್ನುತ್ತಿದ್ದಳು. ಭೂಗೋಳದ ತಪ್ಪನ್ನು ತಿದ್ದುವ ಧೈರ್ಯ ಯಾರಿಗೂ ಇರಲಿಲ್ಲ.

ಇಷ್ಟೆಲ್ಲ ಓದಿ ಮತ್ತೆ 28ಕ್ಕೆ ಬಂದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. 30ನೇ ವಚನದಿಂದ ನೋಡಿ. ಮನೆ ಕಟ್ಟುತ್ತೀ, ಅದರಲ್ಲಿ ವಾಸ ಮಾಡುವುದಿಲ್ಲ. ತೋಟ ಹಾಕುತ್ತೀ, ಅದರ ಹಣ್ಣು ತಿನ್ನುವುದಿಲ್ಲ. ನಿನ್ನ ದುಡಿಮೆಯ ಬೆಳೆಯನ್ನು ನಿನಗೆ ಗೊತ್ತಿಲ್ಲದ ಜನ ತಿನ್ನುತ್ತಾರೆ. ಹಸಿವಿನಲ್ಲಿ, ಬಾಯಾರಿಕೆಯಲ್ಲಿ, ಮೈಮೇಲೆ ಬಟ್ಟೆಯಿಲ್ಲದೆ ಇನ್ನೊಬ್ಬರ ಚಾಕರಿ ಮಾಡುತ್ತೀ. ಕೊನೆಯ ವಚನ: ಹಡಗಿನಲ್ಲಿ ಐಗುಪ್ತಕ್ಕೆ ವಾಪಸ್ ಹೋಗುತ್ತೀ, ಗುಲಾಮರಾಗಿ ಮಾರಿಕೊಳ್ಳಲು ನಿಲ್ಲುತ್ತೀ, ಕೊಳ್ಳುವವರೂ ಸಿಗುವುದಿಲ್ಲ.

ಮನೆ ಕಟ್ಟಿಯೂ ಅದರಲ್ಲಿ ವಾಸ ಮಾಡದವರು ಯಾರು? ಬೀದರ್, ಕಲಬುರಗಿ, ಯಾದಗಿರಿಯಿಂದ ಹೈದರಾಬಾದಿಗೆ, ಮುಂಬೈಗೆ, ಪುಣೆಗೆ ದುಡಿಯಲು ಹೋದ ನಮ್ಮ ಮಂದಿ. ಹತ್ತು ಅಂತಸ್ತಿನ ಮನೆ ಕಟ್ಟಿ, ಅದರ ಪಕ್ಕ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಬೆಳೆದದ್ದನ್ನು ಗೊತ್ತಿಲ್ಲದ ಜನ ತಿನ್ನುವುದು ಅಂದರೆ ಕೂಲಿಯವಳ ದಿನದ ಬದುಕು. ಶಾಪ ಅಂತ ಬರೆದಿರುವ ಪಟ್ಟಿ ಬಹಳ ಮಂದಿಗೆ ಈಗಾಗಲೇ ಹಾಜರಿ ಪುಸ್ತಕ.

ಹಾಗಾದರೆ ಈ ಶಾಪ ಯಾರಿಗೆ ಹೆದರಿಕೆ ಹುಟ್ಟಿಸಲು ಸಾಧ್ಯ? ಕಳೆದುಕೊಳ್ಳಲು ಏನಾದರೂ ಇರುವವನಿಗೆ. ಅದೇ ಪುಸ್ತಕದ ಅಧ್ಯಾಯ 6ರಲ್ಲಿ ಕೇಳುಗರು ಯಾರು ಅಂತ ಸ್ಪಷ್ಟ ಇದೆ. ನೀವು ಕಟ್ಟದ ಊರು, ನೀವು ತುಂಬದ ಮನೆ, ನೀವು ತೋಡದ ಬಾವಿ, ನೀವು ನೆಡದ ತೋಟ ನಿಮಗೆ ಸಿಗುತ್ತಿದೆ, ಹೊಟ್ಟೆ ತುಂಬಿದಾಗ ಮರೆಯಬೇಡಿ. ಹೊಸದಾಗಿ ಹೊಲಮನೆಯ ಒಡೆಯರಾಗಲು ಹೊರಟವರಿಗೆ ಹೇಳಿದ ಮಾತಿದು. ನೀನು ಕೂಲಿಯವನ ಹೊಟ್ಟೆಗೆ ಹೊಡೆದರೆ ಅವನ ಬದುಕು ನಿನ್ನ ಪಾಲಿಗೆ ಬರುತ್ತದೆ, ಅವನು ನಿಂತಲ್ಲಿ ನೀನು ನಿಲ್ಲುತ್ತೀ ಅಂತ. ಇದನ್ನು ತಂದು ನೆಟೆ ಬಿದ್ದ ಹೊಲದ ಮುಂದೆ ತಲೆ ಹಿಡಿದು ಕೂತವನಿಗೆ ಓದಿದರೆ, ಪತ್ರ ತಪ್ಪು ವಿಳಾಸಕ್ಕೆ ಬಂದ ಹಾಗಾಯಿತು.

ಕಷ್ಟ ನೋಡಿ ಪಾಪ ಹುಡುಕುವ ಈ ಚಟ ಬೈಬಲ್ಲಿಗೇ ಗೊತ್ತಿರುವ ಚಟ. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡು ಕೂತ ಯೋಬನ ಗೆಳೆಯರು ಮಾಡಿದ್ದು ಅದನ್ನೇ. ಮೊದಲು ಏಳು ದಿನ ಅವನ ಪಕ್ಕ ನೆಲದ ಮೇಲೆ ಸುಮ್ನೆ ಕೂತಿದ್ದರು. ಅಲ್ಲಿಯವರೆಗೆ ಒಳ್ಳೆಯ ಗೆಳೆಯರು. ಬಾಯಿ ತೆರೆದ ಮೇಲೆ ಕೆಟ್ಟರು. ನಿನ್ನ ಮಕ್ಕಳು ಏನೋ ತಪ್ಪು ಮಾಡಿರಬೇಕು, ನೀನು ವಿಧವೆಯರನ್ನು ಬರಿಗೈಯಲ್ಲಿ ಕಳಿಸಿರಬೇಕು ಅಂತ ಶುರು ಮಾಡಿದರು. ಅವರು ಹೇಳಿದ ಒಂದೊಂದು ವಾಕ್ಯವನ್ನೂ ಬಿಡಿಯಾಗಿ ತೆಗೆದರೆ ಧರ್ಮೋಪದೇಶಕಾಂಡದ ಪಾಠದ ಹಾಗೇ ಇದೆ. ಆದರೂ ಕಥೆಯ ಕೊನೆಗೆ ದೇವರು ಸಿಟ್ಟಾಗುವುದು ಅವರ ಮೇಲೆ.

ಯೇಸುವಿನ ಮುಂದೆಯೂ ಇದೇ ಪ್ರಶ್ನೆ ಬಂತು. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ಅಪ್ಪ ಅಮ್ಮನೋ ಅಂತ ಕೇಳಿದರು. ಇವನೂ ಅಲ್ಲ, ಅವರೂ ಅಲ್ಲ ಅಂದ. ಇನ್ನೊಂದು ಸಲ ಸಿಲೋವದ ಗೋಪುರ ಬಿದ್ದು ಹದಿನೆಂಟು ಜನ ಸತ್ತ ಸುದ್ದಿ. ಅದು ಲೂಕ 13ರಲ್ಲಿದೆ. ಯೆರೂಸಲೇಮಿನಲ್ಲಿ ಇದ್ದ ಬೇರೆಯವರಿಗಿಂತ ಅವರು ಹೆಚ್ಚು ಪಾಪಿಗಳು ಅಂದುಕೊಂಡಿರಾ? ಅಲ್ಲ ಅನ್ನುತ್ತಾನೆ. ಅಷ್ಟಕ್ಕೇ ಬಿಟ್ಟಿದ್ದರೆ ನಮಗೆಲ್ಲ ಆರಾಮಾಗಿರುತ್ತಿತ್ತು. ಬಿಡುವುದಿಲ್ಲ. ನೀವು ಮನಸ್ಸು ತಿರುಗಿಸಿಕೊಳ್ಳದಿದ್ದರೆ ನೀವೂ ಹಾಗೇ ನಾಶವಾಗುತ್ತೀರಿ ಅನ್ನುತ್ತಾನೆ. ಎಚ್ಚರಿಕೆಯ ಮಾತನ್ನು ಅವನು ತೆಗೆದುಹಾಕಲಿಲ್ಲ. ಸತ್ತವರ ಕಡೆ ತೋರಿಸುತ್ತಿದ್ದ ಬೆರಳನ್ನು ಕೇಳುವವರ ಕಡೆಗೆ ತಿರುಗಿಸಿದ, ಅಷ್ಟೇ.

ಎಚ್ಚರಿಕೆ ಅಂದರೆ ಭವಿಷ್ಯ ಅಲ್ಲ ಅನ್ನುವುದಕ್ಕೆ ಪ್ರವಾದಿ ಯೋನನ ಕಥೆ ಸಾಕು. ಇನ್ನು ನಲವತ್ತು ದಿನದಲ್ಲಿ ನಿನೆವೆ ಹಾಳಾಗುತ್ತದೆ ಅಂತ ಸಾರಿದ. ಷರತ್ತು ಗಿರತ್ತು ಏನೂ ಹೇಳಲಿಲ್ಲ. ಊರು ಹೆದರಿ ಗೋಣಿತಟ್ಟು ಉಟ್ಟುಕೊಂಡಿತು, ದನಗಳಿಗೂ ಉಡಿಸಿದರು. ದೇವರು ಮನಸ್ಸು ಬದಲಿಸಿದ, ಊರು ಉಳಿಯಿತು. ಯೋನನಿಗೆ ಸಿಟ್ಟು ನೆತ್ತಿಗೇರಿತು, ತನ್ನ ಮಾತು ಸುಳ್ಳಾಯಿತಲ್ಲ ಅಂತ. ನಮ್ಮ ಕಡೆಯ ಕೆಲವು ಪ್ರಸಂಗಿಗಳ ಮುಖದಲ್ಲಿ ಈ ಯೋನನನ್ನು ನಾನು ನೋಡಿದ್ದೇನೆ. ಅಂದ ಹಾಗೆ ನಿನೆವೆ ಬೇರಾವುದೂ ಅಲ್ಲ, ಆ ಶಾಪದ ಹಲಗೆ ಬರೆಸಿದ ಅಶ್ಶೂರದವರದೇ ಊರು. ಯೆರೆಮೀಯ 18ರಲ್ಲಿ ಇದನ್ನು ನಿಯಮದ ಹಾಗೇ ಹೇಳಿದೆ. ಒಂದು ಜನಾಂಗವನ್ನು ಕಿತ್ತುಹಾಕುತ್ತೇನೆ ಅಂದಮೇಲೂ ಅವರು ಕೆಟ್ಟತನ ಬಿಟ್ಟರೆ ನಾನೂ ಬಿಡುತ್ತೇನೆ ಅಂತ. ಕಟ್ಟುತ್ತೇನೆ ಅಂದಮೇಲೆ ಅವರು ಕೆಟ್ಟರೆ ಅದನ್ನೂ ಬಿಡುತ್ತೇನೆ ಅಂತ. ನಮ್ಮವರು ಈ ಎರಡನೇ ಅರ್ಧ ಓದುವುದು ಕಡಿಮೆ.

ಇಷ್ಟಾದ ಮೇಲೂ 28ನೇ ಅಧ್ಯಾಯ ನನಗೆ ಪೂರ್ತಿ ಜೀರ್ಣವಾಗಿಲ್ಲ. ಮಕ್ಕಳ ಮಾಂಸದ ವಚನಗಳು ಹಾಗೇ ಗಂಟಲಲ್ಲಿ ನಿಲ್ಲುತ್ತವೆ. ಅದು ಬರೀ ಬೆದರಿಕೆಯಾಗಿರಲಿಲ್ಲ. ಸಮಾರ್ಯದ ಮುತ್ತಿಗೆಯಲ್ಲಿ ಹಾಗಾಯಿತು ಅಂತ ಎರಡನೇ ಅರಸುಗಳ ಪುಸ್ತಕದಲ್ಲಿದೆ. ಬಾಬಿಲೋನಿನವರು ಯೆರೂಸಲೇಮನ್ನು ಮುತ್ತಿ ಸುಟ್ಟದ್ದು ಕ್ರಿಸ್ತಪೂರ್ವ 586ರ ಸುಮಾರಿಗೆ. ಆ ಹಸಿವನ್ನು ಪ್ರಲಾಪಗಳ ಪುಸ್ತಕ ಹೆಸರಿಟ್ಟು ಹೇಳುತ್ತದೆ. ಸೆರೆಯಾಗಿ ಹೋದವರ ಮುಂದೆ ಎರಡು ದಾರಿ ಇದ್ದವು. ನಮ್ಮ ದೇವರು ಬಾಬಿಲೋನಿನ ದೇವರಿಗೆ ಸೋತ ಅನ್ನಬಹುದಿತ್ತು. ಇಲ್ಲವೇ ತಪ್ಪು ನಮ್ಮದು ಅನ್ನಬಹುದಿತ್ತು. ಅವರು ತಪ್ಪು ನಮ್ಮದು ಅಂದರು. ಮನೆ ಸುಟ್ಟವನು ತಾನೇ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು ಅದು. ಅದರಲ್ಲೊಂದು ಗಟ್ಟಿತನ ಇದೆ. ಅದೇ ಮಾತನ್ನು ಮನೆ ಸುಡದವನು ಬಂದು ಹೇಳಿದರೆ ಬೈಗುಳ.

ಆದರೂ ಆ ಕೂಸುಗಳು ಏನು ಮಾಡಿದ್ದವು? ಅಪ್ಪಂದಿರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತವು ಅನ್ನುವ ಗಾದೆಯನ್ನು ಇನ್ನು ಆಡಬೇಡಿ ಅಂತ ಯೆಹೆಜ್ಕೇಲ 18ರಲ್ಲಿ ಇದೆ. ಸೆರೆಯಲ್ಲಿದ್ದವರಿಗೇ ಈ ಪ್ರಶ್ನೆ ಕಾಡಿತ್ತು ಅಂತ ಅದರಿಂದ ಗೊತ್ತಾಗುತ್ತದೆ. ನಿಮ್ಮನ್ನು ಹಾಳುಮಾಡುವುದರಲ್ಲಿ ಯೆಹೋವನು ಸಂತೋಷಪಡುವನು ಅಂತ ಧರ್ಮೋಪದೇಶಕಾಂಡ 28:63. ದುಷ್ಟನ ಸಾವಿನಲ್ಲಿ ನನಗೆ ಸಂತೋಷವಿಲ್ಲ ಅಂತ ಯೆಹೆಜ್ಕೇಲ 33:11. ಎರಡೂ ಒಂದೇ ಪುಸ್ತಕದ ರಟ್ಟಿನೊಳಗಿವೆ. ಎರಡನ್ನೂ ಹೊಲಿದು ಒಂದು ಮಾಡುವ ಪಂಡಿತರಿದ್ದಾರೆ. ಅವರ ಹೊಲಿಗೆ ನನಗೆ ಕಾಣುತ್ತಲೇ ಇರುತ್ತದೆ. ಒಂದನ್ನು ಆರಿಸಿಕೋ ಅಂದರೆ ಯೆಹೆಜ್ಕೇಲನದನ್ನು ಆರಿಸಿಕೊಳ್ಳುತ್ತೇನೆ. ಹೋಶೇಯ 11ರಲ್ಲಿ ದೇವರು, ನಿನ್ನನ್ನು ಹ್ಯಾಗೆ ಬಿಟ್ಟುಬಿಡಲಿ ಅಂತ ತನ್ನೊಳಗೇ ಹೊಯ್ದಾಡುವ ಪುಟ ಇದೆಯಲ್ಲ, ಅದನ್ನು ಓದಿದವರಿಗೆ ಬೇರೆ ಆಯ್ಕೆ ಕಷ್ಟ.

ನಮ್ಮ ಜಿಲ್ಲೆಯ ಬಸವಕಲ್ಯಾಣದಲ್ಲಿ ಶರಣರು ಕೂಡಿದ್ದಾಗ ಬಸವಣ್ಣನವರು “ಆಚಾರವೇ ಸ್ವರ್ಗ, ಅನಾಚಾರವೇ ನರಕ” ಅಂದರು. ದೇವಲೋಕ ಮರ್ತ್ಯಲೋಕ ಬೇರೆ ಬೇರೆ ಇಲ್ಲ ಅಂತಲೂ ಅಂದರು. ಮತ್ತಾಯ 25ರಲ್ಲಿ ಕಡೇ ದಿನದ ನ್ಯಾಯತೀರ್ಪಿನ ಚಿತ್ರ ಇದೆ, ಅಲ್ಲಿ ಬೆಂಕಿಯೂ ಇದೆ. ಆದರೆ ಅಲ್ಲಿ ಕೇಳುವ ಪ್ರಶ್ನೆಗಳು ಬಹಳ ಸಣ್ಣವು. ಹಸಿದವನಿಗೆ ಊಟ ಕೊಟ್ಟೆಯಾ, ನೀರು ಕೊಟ್ಟೆಯಾ, ಜೈಲಿನಲ್ಲಿದ್ದವನನ್ನು ನೋಡಲು ಹೋಗಿದ್ದೆಯಾ. ಬೀದರಿನಲ್ಲಿ ಈ ಎರಡು ಮಾತುಗಳನ್ನು ಕೇಳಿ ಬೆಳೆದವರಿಗೆ, ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಬಾಗಿಲಿನಿಂದ ಒಂದೇ ಅಂಗಳಕ್ಕೆ ಬಂದರು ಅನಿಸುವುದು ಸಹಜ. ಇದರ ಮೇಲೆ ಜಾಸ್ತಿ ಎಳೆಯುವುದು ಬೇಡ, ಎರಡಕ್ಕೂ ಅವರವರ ದಾರಿ ಇದೆ.

ಇನ್ನೊಂದು ವಿಷಯ. 28 ಓದಿದವರು 30 ಓದುವುದಿಲ್ಲ. ಈ ಶಾಪಗಳೆಲ್ಲ ಬಂದ ಮೇಲೆ, ನೀವು ಆಕಾಶದ ಅಂಚಿಗೆ ಚದುರಿ ಹೋಗಿದ್ದರೂ ಅಲ್ಲಿಂದಲೇ ಕೂಡಿಸಿ ತರುತ್ತೇನೆ ಅನ್ನುವ ಮಾತು ಅಲ್ಲಿದೆ. ಶಾಪದ ಅಧ್ಯಾಯ ಬರೆದ ಕೈಯೇ ಅದನ್ನು ಬರೆದಿದೆಯೋ, ಆಮೇಲೆ ಸೆರೆಯಲ್ಲಿ ಯಾರಾದರೂ ಸೇರಿಸಿದರೋ ಅಂತ ವಿದ್ವಾಂಸರು ವಾದ ಮಾಡುತ್ತಾರೆ. ಮಾಡಲಿ. ಕಾಕಿಗೆ ಅದನ್ನು ಓದಿ ಹೇಳಿದಾಗ “ಮತ್ತ ಅವತ್ತ ಇದನ್ಯಾಕ ಓದಲಿಲ್ಲ ಅವ್ರು?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊತ್ತಾಗಿತ್ತು ಅಂತ ಕಾಣಿಸ್ತದೆ ಅಂದೆ. ಅವಳು ನಗಲಿಲ್ಲ.

ಕಾಕಾ ಈಗ ಆ ಹೊಲಕ್ಕೆ ಜೋಳ ಹಾಕಿದ್ದಾನೆ. ಪ್ರಾರ್ಥನೆಗೆ ಬರುತ್ತಾನೆ, ಹಿಂದೆ ಬಾಗಿಲ ಹತ್ತಿರ ಕೂರುತ್ತಾನೆ. ಆ ಪ್ರಸಂಗಿ ಮತ್ತೆ ಬಂದಿಲ್ಲ.

ಈಚೆಗೆ ಒಂದು ಮನೆ ಪ್ರಾರ್ಥನೆಯಲ್ಲಿ ಅಧ್ಯಾಯ 24ರ ಕೂಲಿಯ ಮಾತು ಓದಿದೆವು. ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡಿ ಊರಿಗೆ ಬಂದಿದ್ದ ಹುಡುಗನೊಬ್ಬ ಕೂತಿದ್ದ. ಅವನಿಗೆ ಕೂಲಿಯವರನ್ನು ಕೆಲಸಕ್ಕೆ ಕರೆದೊಯ್ಯುವ ಮುಕ್ಕಾದಮ್‌ನಿಂದ ಬರಬೇಕಾದ ದುಡ್ಡು ಇನ್ನೂ ಬಂದಿಲ್ಲ. ಓದು ಮುಗಿದ ಮೇಲೆ, “ಅಣ್ಣಾ, ಇದು ನಮಗ ಓದಿ ಏನ್ ಉಪಯೋಗ? ಅವರ ಮನ್ಯಾಗ ಓದ್ರಲಾ” ಅಂದ. ಒಂದಿಬ್ಬರು ನಕ್ಕರು, ಒಂದಿಬ್ಬರು ಕೆಮ್ಮಿದರು. ಯಾಕೆಂದರೆ ಆ ಮುಕ್ಕಾದಮ್ ನಮ್ಮ ಸಭೆಯವರೇ. ಕಾಣಿಕೆ ಚೆನ್ನಾಗಿ ಕೊಡುತ್ತಾರೆ, ಕ್ರಿಸ್ಮಸ್ ಪೆಂಡಾಲಿನ ಖರ್ಚೂ ಅವರದೇ. ಮುಂದಿನ ತಿಂಗಳ ಮನೆ ಪ್ರಾರ್ಥನೆ ಅವರ ಹೊಸ ಮನೆಯಲ್ಲಿ. ವಾಕ್ಯ ಓದುವ ಸರದಿ ನನ್ನದು. 24, 27, ಆಮೇಲೆ 28, ಇದೇ ಕ್ರಮದಲ್ಲಿ ಓದಬೇಕು ಅಂದುಕೊಂಡಿದ್ದೇನೆ. ನಮ್ಮ ಮನೆಯವಳು ಮಾತ್ರ, ಅವತ್ತು ಊಟ ಮಾಡಿಕೊಂಡೇ ಹೋಗೋಣ, ಅಲ್ಲಿ ಸಿಗುವ ಗ್ಯಾರಂಟಿ ಇಲ್ಲ ಅನ್ನುತ್ತಿದ್ದಾಳೆ.